ಭತ್ತದ ತಳಿ ಆರಿಸುವಾಗ ಕಾಳಿನೊಳಗಿನ ಲೋಹವನ್ನೂ ಅಳೆಯಿರಿ: ಕೊಡಗಿನಿಂದ ಕೃಷಿ ಇಲಾಖೆಗೆ ಒಂದು ಬಹಿರಂಗ ಪತ್ರ

ಕರ್ನಾಟಕ ರಾಜ್ಯದ ಕೃಷಿ ಆಯುಕ್ತರಿಗೆ, ಕೊಡಗು ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರಿಗೆ ಮತ್ತು ಪೊನ್ನಂಪೇಟೆಯಲ್ಲಿ ಭತ್ತದ ಮೇಲೆ ಕೆಲಸ ಮಾಡುವ ವಿಜ್ಞಾನಿಗಳಿಗೆ,

ಮಾನ್ಯರೇ,

ಗೋಧಿ ಬೆಳೆಯದ ಜಿಲ್ಲೆಯಿಂದ ಗೋಧಿಯ ವಿಷಯ ಹಿಡಿದು ಬರೆಯುತ್ತಿದ್ದೇನೆ. ನಮ್ಮದು ಇಳಿಜಾರಿನಲ್ಲಿ ಕಾಫಿ, ಮರಕ್ಕೆ ಹಬ್ಬಿಸಿದ ಕರಿಮೆಣಸು, ಕೆಳಗಿನ ತಗ್ಗಿನಲ್ಲಿ ಭತ್ತದ ಗದ್ದೆ. ಚಪಾತಿಯ ಹಿಟ್ಟು ಅಂಗಡಿಯಿಂದ ಬರುತ್ತದೆ. ಆದರೆ ಭಾರಲೋಹ ಸೇರಿದ ಮಣ್ಣಿನಲ್ಲಿ ಗೋಧಿಯ ಒಂದೊಂದು ತಳಿ ಒಂದೊಂದು ರೀತಿ ನಡೆದುಕೊಳ್ಳುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡಿರುವ ಸಂಗತಿಗಳು ನಮ್ಮ ಗದ್ದೆಗಳಿಗೆ ನೇರವಾಗಿ ಸಂಬಂಧಿಸಿವೆ. ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ: ಕೊಡಗಿಗೆ ಯಾವುದೇ ಭತ್ತದ ತಳಿಯನ್ನು ಶಿಫಾರಸು ಮಾಡುವಾಗ ಎಕರೆಗೆ ಎಷ್ಟು ಕ್ವಿಂಟಾಲ್ ಎಂಬುದರ ಜೊತೆಗೆ, ಆ ತಳಿ ಮಣ್ಣಿನಿಂದ ಕಾಳಿಗೆ ಕ್ಯಾಡ್ಮಿಯಂ ಎಂಬ ವಿಷಲೋಹವನ್ನು ಎಷ್ಟು ಸಾಗಿಸುತ್ತದೆ ಎಂಬುದನ್ನೂ ಅಳೆದು ಪ್ರಕಟಿಸಿ.

ಮೊದಲು ತಾಮ್ರದ ಮಾತು, ಏಕೆಂದರೆ ನಮ್ಮ ಕಣ್ಣಿಗೆ ಕಾಣುವ ಲೋಹ ಅದು. ಅರೇಬಿಕಾದ ಎಲೆ ತುಕ್ಕು ರೋಗಕ್ಕೆ, ಕಾಫಿಯ ಕೊಳೆರೋಗಕ್ಕೆ, ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ, ಸಂಪಾಜೆ ಕಡೆಯ ಅಡಿಕೆಗೆ, ಎಲ್ಲಕ್ಕೂ ನಮ್ಮ ಆಸರೆ ಬೋರ್ಡೋ ದ್ರಾವಣ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರವೇ. 200 ಲೀಟರಿನ ಒಂದು ಬ್ಯಾರೆಲ್ ಸಿಂಪಡಿಸಿದರೆ ಸುಮಾರು ಅರ್ಧ ಕಿಲೋ ತಾಮ್ರ ತೋಟಕ್ಕೆ ಇಳಿದಂತೆ. ಅದು ಬಿಸಿಲಿಗೆ ಒಡೆಯುವುದಿಲ್ಲ, ಮಣ್ಣಿನಲ್ಲಿ ಕೊಳೆಯುವುದಿಲ್ಲ. ಮೇಲ್ಮಣ್ಣಿನ ಸಾವಯವ ಅಂಶಕ್ಕೆ ಬಿಗಿಯಾಗಿ ಅಂಟಿಕೊಂಡು ಅಲ್ಲೇ ಕೂರುತ್ತದೆ. ಮಣ್ಣು ಕೊಚ್ಚಿಹೋದರೆ ಅದರ ಜೊತೆಗೇ ಹೋಗುತ್ತದೆ. ಕೊಡಗಿನಲ್ಲಿ ಕೊಚ್ಚಿಹೋದ ಮಣ್ಣು ಬಂದು ನಿಲ್ಲುವುದು ಗದ್ದೆಯಲ್ಲಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ ಇದನ್ನು ಇಡೀ ರಾಜ್ಯವೇ ನೋಡಿತು. ಅಷ್ಟು ಭೀಕರವಲ್ಲದ ರೀತಿಯಲ್ಲಿ ಪ್ರತಿ ಮಳೆಗಾಲವೂ ಅದೇ ಕೆಲಸ ಮಾಡುತ್ತದೆ.

ಬೋರ್ಡೋ ಹೊಡೆಯುವುದನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಬಳ್ಳಿ ಉಳಿಸಿಕೊಳ್ಳಲು ನಾನೂ ಹೊಡೆಯುತ್ತೇನೆ. ಆದರೆ ಈ ದ್ರಾವಣ ಹುಟ್ಟಿದ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ನೂರು ವರ್ಷಕ್ಕೂ ಮೀರಿ ತಾಮ್ರ ಶೇಖರವಾದುದನ್ನು ಕಂಡ ಮೇಲೆ ಯುರೋಪಿಯನ್ ಒಕ್ಕೂಟ 2019ರಿಂದ ಒಂದು ಮಿತಿ ಹಾಕಿತು: ಒಂದು ಹೆಕ್ಟೇರಿಗೆ 7 ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರ. ನಮ್ಮ ಬೆಳೆಗಾರನಿಗೆ ಅಂಥ ಒಂದು ಲೆಕ್ಕದ ಪುಸ್ತಕವೂ ಇಲ್ಲ.

ಇರುವುದು ಮಣ್ಣು ಆರೋಗ್ಯ ಚೀಟಿ. 2015ರಲ್ಲಿ ಆರಂಭವಾದ ಈ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ರಸಸಾರದ (ಮಣ್ಣಿನ ಹುಳಿಯನ್ನು ತೋರಿಸುವ ಪಿಎಚ್) ಸಂಖ್ಯೆಯನ್ನು ಓದಿ ಸುಣ್ಣ ಹಾಕುವುದನ್ನು ಎಷ್ಟೋ ಮಂದಿಗೆ ಕಲಿಸಿದ್ದು ಅದೇ. ಚೀಟಿಯಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ತಾಮ್ರ ಇದೆ, ಆದರೆ ಕೊರತೆಯನ್ನು ಹುಡುಕುವ ದೃಷ್ಟಿಯಿಂದ ಮಾತ್ರ. ಒಂದು ಕಿಲೋ ಮಣ್ಣಿನಲ್ಲಿ ಬೆಳೆಗೆ ದಕ್ಕುವ ತಾಮ್ರ 0.2 ಮಿಲಿಗ್ರಾಂ ದಾಟಿದರೆ ಸಾಕಷ್ಟಿದೆ ಎಂದು ಬರೆಯುತ್ತಾರೆ. ಅದರ ಐವತ್ತು ಪಟ್ಟು ಇದ್ದರೂ ಚೀಟಿಯಲ್ಲಿ ಬರುವುದು ಅದೇ ಮಾತು. ಕ್ಯಾಡ್ಮಿಯಂ, ಸೀಸಗಳ ಸಾಲೇ ಅಲ್ಲಿ ಇಲ್ಲ.

ಈಗ ಗೋಧಿಗೆ ಬರುತ್ತೇನೆ.

ಬೇರು ಮಣ್ಣಿನ ವಿಷಲೋಹವನ್ನು ಹೇಗೆ ಎದುರಿಸುತ್ತದೆ ಎಂಬುದರ ಅತ್ಯಂತ ಸ್ಪಷ್ಟ ಚಿತ್ರ ಸಿಕ್ಕಿದ್ದು ಗೋಧಿಯಲ್ಲಿ, ಅದೂ ಅಲ್ಯೂಮಿನಿಯಂನಿಂದ. ಅಲ್ಯೂಮಿನಿಯಂ ಭಾರಲೋಹವಲ್ಲ, ನಿಜ. ಆದರೆ ರಸಸಾರ 5ಕ್ಕಿಂತ ಕೆಳಗಿಳಿದ ಹುಳಿಮಣ್ಣಿನಲ್ಲಿ ಅದು ಕರಗಿ ಬೇರಿನ ತುದಿಯನ್ನು ಸುಟ್ಟುಬಿಡುತ್ತದೆ. ಮಳೆಗೆ ತೊಳೆದು ತೊಳೆದು ಹುಳಿಯಾದ ನಮ್ಮ ಮಣ್ಣಿಗೂ ಈ ಕಥೆ ಅಪರಿಚಿತವಲ್ಲ. ಬ್ರೆಜಿಲ್ ದೇಶದ ಅಂಥದೇ ಹುಳಿಮಣ್ಣಿನಲ್ಲಿ ಗೋಧಿ ಬೆಳೆಯಲು ಹೊರಟವರು, ಸುತ್ತಲಿನ ಪೈರೆಲ್ಲ ಸೊರಗಿದಾಗಲೂ ನಿಂತ ಗಿಡಗಳನ್ನು ಆರಿಸಿ ಆರಿಸಿ ತಳಿ ಮಾಡಿದರು. ಆ ತಳಿಗಳು ಏಕೆ ನಿಲ್ಲುತ್ತವೆ ಎಂಬುದು ಬಹಳ ಕಾಲದ ನಂತರ ತಿಳಿಯಿತು. ತಾಳಿಕೊಳ್ಳುವ ಗೋಧಿಯ ಬೇರಿನ ತುದಿ ಮ್ಯಾಲಿಕ್ ಆಮ್ಲವನ್ನು ಹೊರಕ್ಕೆ ಸ್ರವಿಸುತ್ತದೆ. ಆ ಆಮ್ಲ ಅಲ್ಯೂಮಿನಿಯಂ ಅನ್ನು ಬೇರಿನ ಹೊರಗೇ ಹಿಡಿದು ಕಟ್ಟಿಹಾಕುತ್ತದೆ. ಈ ಬಾಗಿಲನ್ನು ತೆರೆಯುವ ವಂಶವಾಹಿಯನ್ನು 2004ರಲ್ಲಿ ಜಪಾನ್ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು ಗುರುತಿಸಿದರು. ತಾಳುವ ತಳಿಯಲ್ಲೂ ತಾಳದ ತಳಿಯಲ್ಲೂ ಆ ವಂಶವಾಹಿ ಇದೆ. ಎಷ್ಟು ಜೋರಾಗಿ ಕೆಲಸ ಮಾಡುತ್ತದೆ ಎಂಬುದರಲ್ಲಿ ವ್ಯತ್ಯಾಸ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಗೋಧಿ.

ಆದರೆ ಇದು ಅಲ್ಯೂಮಿನಿಯಂನ ಕಥೆ ಮಾತ್ರ. ಒಂದು ಲೋಹವನ್ನು ತಾಳುವ ತಳಿ ಇನ್ನೊಂದನ್ನೂ ತಾಳುತ್ತದೆ ಎಂಬ ಖಾತ್ರಿ ಇಲ್ಲ. ತಾಮ್ರಕ್ಕೆ ಜಗ್ಗದ ಗೋಧಿ ಕ್ಯಾಡ್ಮಿಯಂಗೆ ಬಾಗಬಹುದು. ಪ್ರಯೋಗಾಲಯದಲ್ಲಿ ಲೋಹ ಬೆರೆಸಿದ ದ್ರಾವಣದಲ್ಲಿ ಮೊಳಕೆ ಬೆಳೆಸಿ, ಬೆರೆಸದ ದ್ರಾವಣದಲ್ಲಿ ಬೆಳೆದದ್ದಕ್ಕೆ ಹೋಲಿಸಿ ಬೇರಿನ ಉದ್ದ ಶೇಕಡಾ ಎಷ್ಟು ಉಳಿಯಿತು ಎಂದು ಲೆಕ್ಕ ಹಾಕುತ್ತಾರೆ. ತಳಿಗಳನ್ನು ಬೇಗ ಬೇರ್ಪಡಿಸಲು ಇದು ಒಳ್ಳೆಯ ದಾರಿ. ಆದರೆ ಮೊಳಕೆಯಲ್ಲಿ ಮೊದಲ ಸಾಲಿನಲ್ಲಿ ನಿಂತ ತಳಿ ಹೊಲದಲ್ಲಿ ಕಾಳು ಕಟ್ಟುವಾಗಲೂ ಅದೇ ಸಾಲಿನಲ್ಲಿರುತ್ತದೆ ಎಂದು ನಂಬುವಂತಿಲ್ಲ. ನಮ್ಮ ಜಿಲ್ಲೆಗೆ ಬೇಕಾದ ಪರೀಕ್ಷೆ ಬಟ್ಟಲಿನಲ್ಲಿ ಮುಗಿಯುವಂಥದ್ದಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಡ್ಯೂರಮ್ ಗೋಧಿಯ ಚರಿತ್ರೆ. ನಮ್ಮ ಅಂಗಡಿಗಳಲ್ಲಿ ಬನ್ಸಿ ರವೆ ಎಂದು ಮಾರುವ ಒರಟು ಹಳದಿ ರವೆ ಈ ಗೋಧಿಯದು. ಚಪಾತಿಯ ಗೋಧಿಗಿಂತ ಡ್ಯೂರಮ್ ಗೋಧಿ ಸಾಮಾನ್ಯವಾಗಿ ಹೆಚ್ಚು ಕ್ಯಾಡ್ಮಿಯಂ ಅನ್ನು ಕಾಳಿಗೆ ಏರಿಸುತ್ತದೆ. ಕೆನಡಾ ದೇಶ ಡ್ಯೂರಮ್ ಅನ್ನು ಹಡಗುಗಟ್ಟಲೆ ರಫ್ತು ಮಾಡುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನಕ ಸಂಸ್ಥೆಯಾದ ಕೋಡೆಕ್ಸ್ ಗೋಧಿಗೆ ಇಟ್ಟಿರುವ ಮಿತಿ ಒಂದು ಕಿಲೋಗೆ 0.2 ಮಿಲಿಗ್ರಾಂ ಕ್ಯಾಡ್ಮಿಯಂ. ಮಾರುಕಟ್ಟೆಯ ಒತ್ತಡದಿಂದ ಅಲ್ಲಿನ ತಳಿ ವಿಜ್ಞಾನಿಗಳು ತಮ್ಮ ಗೋಧಿಗಳನ್ನೆಲ್ಲ ಅಳೆದು ನೋಡಿದಾಗ, ಒಂದೇ ಒಂದು ವಂಶವಾಹಿಯ ವ್ಯತ್ಯಾಸದಿಂದ ಕಾಳಿನ ಕ್ಯಾಡ್ಮಿಯಂ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಕಂಡಿತು. ಇಳುವರಿಗೆ ಅದರಿಂದ ಪೆಟ್ಟು ಬೀಳಲಿಲ್ಲ. 2004ರಲ್ಲಿ ಬಿಡುಗಡೆಯಾದ ಸ್ಟ್ರಾಂಗ್‌ಫೀಲ್ಡ್ ಎಂಬ ತಳಿ ಈ ಗುಣವನ್ನು ಹೊತ್ತು ಅಲ್ಲಿನ ಹೊಲಗಳಲ್ಲಿ ವ್ಯಾಪಕವಾಗಿ ಹರಡಿತು.

2019ರಲ್ಲಿ ಡ್ಯೂರಮ್ ಗೋಧಿಯ ಇಡೀ ಜೀನೋಮ್ ಓದಿದ ಅಂತರರಾಷ್ಟ್ರೀಯ ತಂಡ ಈ ವ್ಯತ್ಯಾಸದ ಮೂಲವನ್ನೂ ತೋರಿಸಿತು. ಬೇರಿನ ಜೀವಕೋಶದ ರಸದಾನಿಯೊಳಕ್ಕೆ, ಅಂದರೆ ಕೋಶದೊಳಗಿನ ರಸ ತುಂಬಿದ ಚೀಲದೊಳಕ್ಕೆ, ಕ್ಯಾಡ್ಮಿಯಂ ಅನ್ನು ತಳ್ಳಿ ಅಲ್ಲೇ ಕೂಡಿಹಾಕುವ ಒಂದು ಪ್ರೋಟೀನ್ ಇದೆ. ಅದು ಸರಿಯಾಗಿದ್ದರೆ ಲೋಹ ಬೇರಿನಲ್ಲೇ ಉಳಿಯುತ್ತದೆ. ಕೆಟ್ಟಿದ್ದರೆ ಕಾಂಡಕ್ಕೆ, ತೆನೆಗೆ, ಕಾಳಿಗೆ ಹೋಗುತ್ತದೆ. ಡ್ಯೂರಮ್‌ನ ಪೂರ್ವಜವಾದ ಕಾಡಿನ ಎಮ್ಮರ್ ಗೋಧಿಯಲ್ಲಿ ಈ ಕೆಟ್ಟ ರೂಪ ಕಾಣಿಸಲೇ ಇಲ್ಲ. ಮನುಷ್ಯ ಪಳಗಿಸಿದ ಎಮ್ಮರ್‌ನಿಂದ ಇಂದಿನ ಡ್ಯೂರಮ್‌ವರೆಗೆ ಬರುತ್ತಾ ಬರುತ್ತಾ ಅದು ಹೆಚ್ಚಾಯಿತು, ಕೊನೆಗೆ ಎಷ್ಟೋ ತಳಿಗಳಿಗೆ ಹರಡಿತು. ರೈತ ಕೆಟ್ಟದ್ದನ್ನು ಬಯಸಿ ಆರಿಸಲಿಲ್ಲ. ದಪ್ಪ ಕಾಳು, ಒಳ್ಳೆಯ ಇಳುವರಿ, ಬೀಳದ ಕಾಂಡ ನೋಡಿ ಆರಿಸಿದ. ಕಾಳಿನೊಳಗಿನ ಲೋಹವನ್ನು ಯಾರೂ ಅಳೆಯದೆ ಇದ್ದುದರಿಂದ ಅದು ಒಳ್ಳೆಯ ಗುಣಗಳ ಜೊತೆಯಲ್ಲೇ ತಲೆಮಾರಿನಿಂದ ತಲೆಮಾರಿಗೆ ಸಾಗಿ ಬಂತು. ಉತ್ತರ ಕರ್ನಾಟಕದ ಜವೆ ಗೋಧಿ ಎಮ್ಮರ್ ಕುಲದ್ದೇ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029ರಂಥ ತಳಿಗಳಿಂದ ಅದಕ್ಕೆ ಮರುಜೀವ ಕೊಟ್ಟಿದೆ. ಜವೆ, ಡ್ಯೂರಮ್, ಚಪಾತಿ ಗೋಧಿ ಮೂರನ್ನೂ ಬೆಳೆಯುವ ರಾಜ್ಯ ನಮ್ಮದು. ಈ ಅಳತೆಯನ್ನು ಕೃಷಿ ಆಯುಕ್ತರು ಅಲ್ಲಿಂದಲೂ ಆರಂಭಿಸಬಹುದು.

ಇಲ್ಲಿ ಒಂದು ಅಪಾಯವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಬೀಜದ ಚೀಲದ ಮೇಲೆ ಲೋಹ ಸಹಿಷ್ಣು ತಳಿ ಎಂದು ಅಚ್ಚು ಹಾಕಿ ಮಾರುವ ದಿನ ಬಂದರೆ ರೈತ ಮೋಸ ಹೋಗುತ್ತಾನೆ. ಗಿಡ ತಾಳಿಕೊಳ್ಳುವುದು ಬೇರೆ, ಕಾಳು ಶುದ್ಧವಾಗಿರುವುದು ಬೇರೆ. ಲೋಹವನ್ನು ಹೀರಿಕೊಂಡೂ ಅದನ್ನು ಒಳಗೇ ಕಟ್ಟಿಹಾಕಿ ಹಸಿರಾಗಿ ನಿಲ್ಲುವ ತಳಿಗಳಿವೆ. ಅವು ರೈತನಿಗೆ ಪೂರ್ತಿ ಇಳುವರಿ ಕೊಡುತ್ತವೆ, ಉಣ್ಣುವವನಿಗೆ ಪೂರ್ತಿ ಲೋಹವನ್ನೂ ಕೊಡುತ್ತವೆ. ಲೋಹದಿಂದ ಲೋಹಕ್ಕೂ ಈ ಅಪಾಯ ಬದಲಾಗುತ್ತದೆ. ತಾಮ್ರ, ಸತು ಅತಿಯಾದರೆ ಕಾಳಿನಲ್ಲಿ ಮನುಷ್ಯನಿಗೆ ಕೆಡುಕಾಗುವಷ್ಟು ಸೇರುವ ಮುನ್ನವೇ ಬೇರು ಮೋಟಾಗಿ, ಎಲೆ ಹಳದಿಯಾಗಿ ಗಿಡವೇ ಸೋಲುತ್ತದೆ. ಸೀಸ ಬಹುಮಟ್ಟಿಗೆ ಮಣ್ಣಿನಲ್ಲೂ ಬೇರಿನಲ್ಲೂ ಸಿಕ್ಕಿಕೊಳ್ಳುತ್ತದೆ. ಕ್ಯಾಡ್ಮಿಯಂ ಹಾಗಲ್ಲ. ಪೈರು ನಳನಳಿಸುತ್ತಿರುವಾಗಲೇ ಅದು ಕಾಳಿಗೆ ಏರಿರುತ್ತದೆ. ತಾಮ್ರ ನಮ್ಮ ಮಣ್ಣಿನ ಎರೆಹುಳುಗಳ, ಬೇರುಗಳ ಸಮಸ್ಯೆ. ಕ್ಯಾಡ್ಮಿಯಂ ನಮ್ಮ ತಟ್ಟೆಯ ಸಮಸ್ಯೆ. ಎರಡಕ್ಕೂ ಒಂದೇ ಪರೀಕ್ಷೆ, ಒಂದೇ ಸಲಹೆ ಸಾಲದು.

ಕ್ಯಾಡ್ಮಿಯಂ ದೇಹ ಸೇರಿದರೆ ಮೂತ್ರಪಿಂಡದಲ್ಲಿ ಹತ್ತಿಪ್ಪತ್ತು ವರ್ಷಗಟ್ಟಲೆ ಕೂರುತ್ತದೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿರುವವರ ಕರುಳು ಅದನ್ನು ಹೆಚ್ಚು ಹೀರುತ್ತದೆ, ಅಂದರೆ ರಕ್ತಹೀನತೆಯಿಂದ ಬಳಲುವ ಹೆಂಗಸರು ಮೊದಲು ಸಿಕ್ಕಿಬೀಳುತ್ತಾರೆ. ಜಪಾನಿನ ಟೊಯಾಮಾ ಪ್ರಾಂತ್ಯದಲ್ಲಿ ಗಣಿಯ ನೀರು ಜಿಂಝೂ ನದಿಗೆ ಸೇರಿ, ನದಿಯ ನೀರು ಭತ್ತದ ಗದ್ದೆಗೆ ಹರಿದು, ಆ ಅಕ್ಕಿ ಉಂಡವರ ಮೂಳೆಗಳು ಮುರಿದವು. ನೋವಿನಿಂದ ಕೂಗಿದವರಲ್ಲಿ ಹೆಚ್ಚಿನವರು ವಯಸ್ಸಾದ ಹೆಂಗಸರು. ಅದಕ್ಕೆ ಕ್ಯಾಡ್ಮಿಯಂ ಕಾರಣ ಎಂದು ಅಲ್ಲಿನ ಸರ್ಕಾರ ಒಪ್ಪಿಕೊಂಡದ್ದು 1968ರಲ್ಲಿ. ಕೊಡಗಿನಲ್ಲಿ ಅಂಥ ಗಣಿ ಇಲ್ಲ, ನಮ್ಮ ಅಕ್ಕಿ ವಿಷ ಎಂದು ನಾನು ಹೇಳುತ್ತಲೂ ಇಲ್ಲ. ಆದರೆ ಮೂರು ಹೊತ್ತೂ ಕಡುಬು, ಅಕ್ಕಿ ರೊಟ್ಟಿ, ನೂಪುಟ್ಟು, ಅನ್ನ ಎಂದು ಅಕ್ಕಿಯನ್ನೇ ಉಣ್ಣುವ ನಾಡಿನಲ್ಲಿ, ಕಾಳಿನಲ್ಲಿರುವ ಅಲ್ಪ ಪ್ರಮಾಣವೂ ದಿನದಿನಕ್ಕೆ ಕೂಡುತ್ತಾ ಹೋಗುತ್ತದೆ.

ಗಣಿ ಇಲ್ಲದ ಕಡೆ ಕ್ಯಾಡ್ಮಿಯಂ ಎಲ್ಲಿಂದ ಬರುತ್ತದೆ? ಹೆಚ್ಚಾಗಿ ರಂಜಕದ ಗೊಬ್ಬರದಿಂದ. ಸಮುದ್ರದ ತಳದಲ್ಲಿ ಪದರಗಟ್ಟಿದ ಫಾಸ್ಫೇಟ್ ಶಿಲೆಯಲ್ಲಿ ಕ್ಯಾಡ್ಮಿಯಂ ಹೆಚ್ಚು, ಅಗ್ನಿಶಿಲೆಯ ಮೂಲದ್ದರಲ್ಲಿ ಬಹಳ ಕಡಿಮೆ. ಯುರೋಪಿಯನ್ ಒಕ್ಕೂಟ 2022ರಿಂದ ಒಂದು ಕಿಲೋ ರಂಜಕದ ಪೆಂಟಾಕ್ಸೈಡಿಗೆ (ಗೊಬ್ಬರದಲ್ಲಿನ ರಂಜಕವನ್ನು ಲೆಕ್ಕ ಹಾಕುವ ರೂಪ) 60 ಮಿಲಿಗ್ರಾಂ ಕ್ಯಾಡ್ಮಿಯಂ ಎಂಬ ಮಿತಿಯನ್ನು ಜಾರಿಗೆ ತಂದಿದೆ. ಹುಳಿಮಣ್ಣಿಗೆ ಒಗ್ಗುತ್ತದೆ ಎಂದು ನಾವು ತಲೆಮಾರುಗಳಿಂದ ರಾಕ್ ಫಾಸ್ಫೇಟ್ ಹಾಕುತ್ತಿದ್ದೇವೆ. ಮಣ್ಣು ಹುಳಿಯಾದಷ್ಟೂ ಕ್ಯಾಡ್ಮಿಯಂ ಬೇರಿಗೆ ಸುಲಭವಾಗಿ ದಕ್ಕುತ್ತದೆ. ಶಿಲೆಯ ಪುಡಿ ಕರಗಲು ಬೇಕಾದ ಹುಳಿಯೇ ಲೋಹವನ್ನೂ ಬಿಡಿಸಿಕೊಡುತ್ತದೆ. ಸತುವಿನ ಕೊರತೆ ಇದ್ದರೆ ಅದರ ಜಾಗಕ್ಕೆ ಕ್ಯಾಡ್ಮಿಯಂ ಇನ್ನಷ್ಟು ನುಗ್ಗುತ್ತದೆ. ನಗರದ ಕಸದಿಂದ ಮಾಡಿದ ಕಾಂಪೋಸ್ಟ್‌ಗೆ ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಕಿಲೋಗೆ 5 ಮಿಲಿಗ್ರಾಂ ಕ್ಯಾಡ್ಮಿಯಂ, 100 ಮಿಲಿಗ್ರಾಂ ಸೀಸ ಎಂಬ ಮಿತಿಗಳಿವೆ. ಅಂಥ ಸಂಖ್ಯೆಯನ್ನು ಜಿಲ್ಲೆಯಲ್ಲಿ ಮಾರುವ ಪ್ರತಿ ರಾಕ್ ಫಾಸ್ಫೇಟ್ ಚೀಲದ ವಿಷಯದಲ್ಲೂ ಪರೀಕ್ಷಿಸಿ, ರೈತ ಸಂಪರ್ಕ ಕೇಂದ್ರದ ಫಲಕದಲ್ಲಿ ಬರೆದು ಹಾಕುವುದು ಇಲಾಖೆಗೆ ಕಷ್ಟವಲ್ಲ.

ಗೋಧಿಯಲ್ಲಿ ಕಂಡದ್ದು ಭತ್ತದಲ್ಲೂ ಇದೆಯೇ ಎಂದರೆ, ಇದೆ. ಬೇರಿನ ರಸದಾನಿಯಲ್ಲಿ ಕ್ಯಾಡ್ಮಿಯಂ ಕೂಡಿಹಾಕುವ ಅದೇ ಬಗೆಯ ಪ್ರೋಟೀನನ್ನು 2010ರಲ್ಲಿ ಜಪಾನಿನ ವಿಜ್ಞಾನಿಗಳು ಭತ್ತದಲ್ಲಿ ಗುರುತಿಸಿದರು. ಅವರು ಹೋಲಿಸಿದ್ದು ಜಪಾನಿನ ನಿಪ್ಪೊನ್‌ಬರೆ ಎಂಬ ತಳಿಯನ್ನೂ ಅಂಜನಾ ಧಾನ್ ಎಂಬ ತಳಿಯನ್ನೂ. ಲೋಹ ಹೆಚ್ಚು ಏರಿದ್ದು ಅಂಜನಾ ಧಾನ್‌ನಲ್ಲಿ. ನಮ್ಮ ದೇಶದ ಬಹುತೇಕ ಭತ್ತ ಸೇರುವ ಇಂಡಿಕಾ ಗುಂಪು ಜಪಾನಿನ ಗುಂಪಿಗಿಂತ ಸರಾಸರಿಯಲ್ಲಿ ಹೆಚ್ಚು ಕ್ಯಾಡ್ಮಿಯಂ ಏರಿಸುತ್ತದೆ. ಜಪಾನ್ ಅಲ್ಲಿಗೇ ನಿಲ್ಲಲಿಲ್ಲ. 2012ರಲ್ಲಿ ಕೋಶಿಹಿಕಾರಿ ತಳಿಯ ಬೀಜಕ್ಕೆ ಅಯಾನು ಕಿರಣ ಹಾಯಿಸಿ, ಕ್ಯಾಡ್ಮಿಯಂ ಬಹುತೇಕ ಏರದ ಗಿಡವನ್ನು ಪಡೆದ ವರದಿ ಬಂತು. ಅದೇ ಗುಣ ಸೇರಿಸಿದ ಭತ್ತಕ್ಕೆ ಅಕಿತಾ ಪ್ರಾಂತ್ಯ 2025ರಲ್ಲಿ ಬದಲಾಯಿತು. ಆ ಗಿಡಗಳು ಮ್ಯಾಂಗನೀಸನ್ನೂ ಕಡಿಮೆ ಹೀರುವುದರಿಂದ ಎಲೆಗೆ ಕಂದು ಚುಕ್ಕೆ ರೋಗ ಬರುವ ಸಂಭವ ಹೆಚ್ಚು. ಈ ಬಿಕ್ಕಟ್ಟನ್ನೂ ಅಲ್ಲಿನವರು ಬಚ್ಚಿಡದೆ ರೈತರಿಗೆ ಹೇಳುತ್ತಾರೆ.

ನಮ್ಮಲ್ಲಿ ಇಂಟಾನ್, ತುಂಗಾ, ಅತಿರಾ ಬೆಳೆಯುತ್ತೇವೆ. ಕೆಲವರು ಮನೆಯ ಸಣ್ಣಕ್ಕಿ ಬೀಜವನ್ನು ಇನ್ನೂ ಉಳಿಸಿಕೊಂಡಿದ್ದಾರೆ. ಇವುಗಳನ್ನು ವಿರಾಜಪೇಟೆ, ಸೋಮವಾರಪೇಟೆ, ಮಡಿಕೇರಿ ಕಡೆಯ ಬೇರೆ ಬೇರೆ ಮಣ್ಣಿನಲ್ಲಿ, ಅಕ್ಕಪಕ್ಕದ ಮಡಿಗಳಲ್ಲಿ ಒಂದೇ ನೀರು, ಒಂದೇ ಗೊಬ್ಬರದಲ್ಲಿ ಬೆಳೆಸಿ. ಮೇಲೆ ಕಾಫಿ ತೋಟವಿರುವ ಗದ್ದೆ ಕೆಲವು, ಇಲ್ಲದ್ದು ಕೆಲವು ಇರಲಿ. ಬೇರು, ಹುಲ್ಲು, ಕಾಳು ಮೂರನ್ನೂ ಬೇರೆ ಬೇರೆ ಅಳೆಯಿರಿ; ಹುಲ್ಲು ನಮ್ಮ ದನಗಳಿಗೆ ಹೋಗುತ್ತದೆ, ಆದ್ದರಿಂದ ಅದನ್ನು ಬಿಡಬೇಡಿ. ಒಂದೇ ವರ್ಷದ ಫಲಿತಾಂಶ ಸಾಲದು. ಕೊಡಗಿನಲ್ಲಿ ಒಂದು ವರ್ಷದ ಮಳೆ ಇನ್ನೊಂದು ವರ್ಷದಂತಿರುವುದಿಲ್ಲ, ಮತ್ತು ಈ ವಿಷಯದಲ್ಲಿ ನೀರಿನ ಪಾತ್ರ ತಳಿಯಷ್ಟೇ ದೊಡ್ಡದು. ಗದ್ದೆಯಲ್ಲಿ ನೀರು ನಿಂತಿರುವವರೆಗೆ ಕ್ಯಾಡ್ಮಿಯಂ ಗಂಧಕದ ಜೊತೆ ಕಟ್ಟಿಕೊಂಡು ಮಣ್ಣಿನಲ್ಲೇ ಇರುತ್ತದೆ. ನೀರು ಬಿಟ್ಟು ಗದ್ದೆ ಒಣಗಿದರೆ ಅದು ಮತ್ತೆ ಕರಗುತ್ತದೆ. ತೆನೆ ಹೊರಡುವ ಮೊದಲು ಮೂರು ವಾರ, ಆಮೇಲೆ ಮೂರು ವಾರ ಗದ್ದೆಯಲ್ಲಿ ನೀರು ನಿಂತಿರುವಂತೆ ನೋಡಿಕೊಳ್ಳಿ ಎಂದು ಜಪಾನಿನ ರೈತರಿಗೆ ಹೇಳುವುದು ಇದೇ ಕಾರಣಕ್ಕೆ. ಪುತ್ತರಿಗೆ ಮುಂಚೆ ಮಳೆ ಬೇಗ ಹಿಂದೆ ಸರಿದ ವರ್ಷಗಳಲ್ಲಿ ನಮ್ಮ ಗದ್ದೆಗಳು ಕಾಳು ಕಟ್ಟುವ ಹೊತ್ತಿಗೇ ಬಿರಿಯುತ್ತವೆ. ನೀರು ಸದಾ ನಿಂತರೆ ಆರ್ಸೆನಿಕ್ ಹೆಚ್ಚು ಏರುವ ತೊಂದರೆಯೂ ಇದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಅಳೆಯಬೇಕು.

ಖರ್ಚಿನ ಮಾತು ಬರುತ್ತದೆ. ಮಣ್ಣು ಆರೋಗ್ಯ ಚೀಟಿಗಾಗಿ ಸತು, ತಾಮ್ರ, ಕಬ್ಬಿಣ, ಮ್ಯಾಂಗನೀಸ್ ತೆಗೆಯಲು ಬಳಸುವ ಡಿಟಿಪಿಎ ಎಂಬ ರಾಸಾಯನಿಕದ ದ್ರಾವಣದಲ್ಲಿ ಕ್ಯಾಡ್ಮಿಯಂ, ಸೀಸ, ನಿಕ್ಕಲ್‌ಗಳೂ ಇಳಿದು ಬರುತ್ತವೆ. ಮಣ್ಣನ್ನು ಮತ್ತೆ ತರಬೇಕಿಲ್ಲ, ಮತ್ತೆ ಕಲಕಬೇಕಿಲ್ಲ. ಅಳೆಯುವ ಯಂತ್ರಕ್ಕೆ ಆಯಾ ಲೋಹದ ದೀಪ ಬೇಕು. ಕಾಳಿನಲ್ಲಿರುವ ಅತಿ ಸೂಕ್ಷ್ಮ ಪ್ರಮಾಣಕ್ಕೆ ಐಸಿಪಿ ಮಾಸ್ ಸ್ಪೆಕ್ಟ್ರೋಮೀಟರ್‌ನಂಥ ಸೂಕ್ಷ್ಮ ಯಂತ್ರ ಬೇಕಾಗುತ್ತದೆ, ಆದರೆ ಅದು ಆಯ್ದ ಮಾದರಿಗಳಿಗೆ ಮಾತ್ರ. ಪಾಲಿಶ್ ಮಾಡಿದ ಅಕ್ಕಿಗೆ ಕೋಡೆಕ್ಸ್ ಇಟ್ಟಿರುವ ಮಿತಿ ಕಿಲೋಗೆ 0.4 ಮಿಲಿಗ್ರಾಂ. ನಮ್ಮ ತಳಿಗಳು ಅದಕ್ಕಿಂತ ಎಷ್ಟು ಕೆಳಗೆ ನಿಲ್ಲುತ್ತವೆ ಎಂದು ತೋರಿಸಿದರೆ ಕೊಡಗಿನ ಅಕ್ಕಿಗೆ ಒಳ್ಳೆಯ ಹೆಸರೇ ಬರುತ್ತದೆ. ಇಂಥ ಪತ್ರದಿಂದ ನಮ್ಮ ಬೆಳೆಯ ಬೆಲೆ ಬೀಳುತ್ತದೆ ಎಂದು ಅಂಜುವ ಬಂಧುಗಳಿಗೂ ನಾನು ಇದನ್ನೇ ಹೇಳುತ್ತೇನೆ.

ಒಳ್ಳೆಯ ತಳಿ ಸಿಕ್ಕಿತು ಎಂದು ಲೋಹವನ್ನು ಮಣ್ಣಿಗೆ ಸುರಿಯುವುದಕ್ಕೆ ಪರವಾನಗಿ ಕೊಟ್ಟಂತೆ ಆಗಬಾರದು. ಬೇರಿನಲ್ಲಿ ಕೂಡಿಟ್ಟ ಕ್ಯಾಡ್ಮಿಯಂ ಕೂಳೆಯ ಜೊತೆ ಮತ್ತೆ ಅದೇ ಗದ್ದೆಗೆ ಮರಳುತ್ತದೆ. ತಳಿ ಉಣ್ಣುವವನನ್ನು ಕಾಯುತ್ತದೆ, ಮಣ್ಣನ್ನು ತೊಳೆಯುವುದಿಲ್ಲ. ಆದ್ದರಿಂದ ಸುಣ್ಣದ ಸಲಹೆ, ಸತುವಿನ ಸಲಹೆ, ಮೈಲುತುತ್ತದ ಲೆಕ್ಕ, ಗೊಬ್ಬರದ ಚೀಲದ ಪರೀಕ್ಷೆ ಇವು ತಳಿಯ ಕೆಲಸದ ಜೊತೆಗೇ ನಡೆಯಬೇಕು. ಆರೋಗ್ಯ ಚೀಟಿಯಲ್ಲಿ ತಾಮ್ರದ ಸಾಲಿಗೆ ಮೇಲ್ಮಿತಿಯ ಎಚ್ಚರಿಕೆಯೊಂದನ್ನು ಸೇರಿಸುವುದಂತೂ ಮುಂದಿನ ಮುದ್ರಣದಲ್ಲೇ ಆಗಬಹುದಾದ ಕೆಲಸ.

ಜೂನ್ ತಿಂಗಳಲ್ಲಿ ಸಸಿಮಡಿಗೆ ಬೀಜ ಹಾಕುತ್ತೇವೆ. ಅಷ್ಟರೊಳಗೆ ಪ್ರಯೋಗದ ಗದ್ದೆಗಳನ್ನು ಗುರುತಿಸಿದರೆ ಈ ವರ್ಷದ ಬೆಳೆಯಿಂದಲೇ ಅಳತೆ ಆರಂಭಿಸಬಹುದು. ನನ್ನ ಗದ್ದೆಯ ಮೇಲ್ಭಾಗದಲ್ಲಿ ಕಾಫಿಯೂ ಮೆಣಸೂ ಇವೆ, ಬೋರ್ಡೋ ಹೊಡೆದ ತೋಟ ಅದು. ಅದರ ಕೆಳಗಿನ ಮಡಿಗಳನ್ನು ನೀವು ಕೇಳಿದಷ್ಟು ವರ್ಷ ಪ್ರಯೋಗಕ್ಕೆ ಬಿಟ್ಟುಕೊಡಲು ಸಿದ್ಧನಿದ್ದೇನೆ, ಹಾಕಿದ ಗೊಬ್ಬರ, ಸಿಂಪಡಣೆಯ ಲೆಕ್ಕವನ್ನೂ ಬರೆದು ಕೊಡುತ್ತೇನೆ. ಅಕ್ಕಪಕ್ಕದ ಕೆಲವರೂ ಒಪ್ಪಿದ್ದಾರೆ. ಮಣ್ಣಿನ ಮಾದರಿಯನ್ನು ಯಾವಾಗ, ಯಾವ ಕಚೇರಿಗೆ ತರಬೇಕು ಎಂದು ತಿಳಿಸಿ.

ಇಂತಿ,
ದಕ್ಷಿಣ ಕೊಡಗಿನ ಒಬ್ಬ ಕಾಫಿ ಮತ್ತು ಭತ್ತದ ಬೆಳೆಗಾರ